ಜಿಂಕೆಗಳಿಗೆ ಮೇವಿನ ತಾಕು: ಬೀಜ ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ: ನಮ್ಮದು ಸುಮಾರು 40 ಎಕರೆ ಜಮೀನು. ಅದರಲ್ಲಿ 30 ಎಕರೆಗೂ ಹೆಚ್ಚು ಭಾಗ ದಟ್ಟವಾಗಿ ಬೆಳೆದ ಕಾಡು, ಉಳಿದದ್ದು ಹಲವು ವರ್ಷಗಳಿಂದ ಉಳುಮೆ ಕಾಣದೆ ಬೀಳುಬಿದ್ದ ಹೊಲ. ಚಳಿಗಾಲದಲ್ಲಿ ಮಂಜು ಬೀಳುವ ಪ್ರದೇಶ. ಬಿಳಿಬಾಲದ ಜಿಂಕೆಗಳು ನಿತ್ಯವೂ ಓಡಾಡುತ್ತವೆ. ಮೊಲ, ಕಾಡು ಟರ್ಕಿ ಕೋಳಿ, ಹಲವು ಬಗೆಯ ಹಕ್ಕಿಗಳೂ ಇವೆ. ಅವುಗಳಿಗೆ ಆಹಾರ ಒದಗಿಸಬೇಕೆಂದು ಕಳೆದ ವರ್ಷ ಅರ್ಧ ಎಕರೆ ಉತ್ತು, ಅಂಗಡಿಯಲ್ಲಿ ಸಿಗುವ ಜಿಂಕೆ ಮೇವಿನ ಬೀಜ ಮಿಶ್ರಣವನ್ನು ಚೆಲ್ಲಿದೆವು. ಮೊಳಕೆ ಚೆನ್ನಾಗಿ ಬಂತು. ಆದರೆ ಅದರಲ್ಲಿದ್ದ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಹಳದಿಯಾಗಿ ಕುಗ್ಗಿತು, ಬೇಸಿಗೆಯ ಹೊತ್ತಿಗೆ ಹುಲ್ಲು ಮತ್ತು ಕಳೆಯೇ ತುಂಬಿಕೊಂಡವು. ಈ ಬಾರಿ ಯಾವ ಬೀಜ ಹಾಕಬೇಕು? ಎಷ್ಟು ಜಾಗ ಬೇಕು? ಚಳಿಗಾಲದಲ್ಲಿ ಜೋಳ ಸುರಿದರೆ ಸಾಲದೇ? ನಾವು ತಾಕು ಮಾಡಿದರೆ ಪಕ್ಕದವರ ಸೋಯಾ ಬೆಳೆಗೆ ಜಿಂಕೆಗಳ ಕಾಟ ಕಡಿಮೆಯಾಗುವುದೇ?

ಉತ್ತರ: ನಿಮ್ಮ ತಾಕು ಕೆಟ್ಟದ್ದು ಬೀಜದ ದೋಷದಿಂದಲ್ಲ ಎಂಬುದು ನಿಮ್ಮ ವಿವರಣೆಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಮೊಳೆತು ನಾಲ್ಕಾರು ಎಲೆ ಬಿಟ್ಟ ಮೇಲೆ ಕ್ಲೋವರ್ ಹಳದಿಯಾಗಿ ಬೆಳವಣಿಗೆ ನಿಲ್ಲಿಸುವುದು ಸಾಮಾನ್ಯವಾಗಿ ಹುಳಿಮಣ್ಣಿನ ಲಕ್ಷಣ. ಅದರ ಜಾಗವನ್ನು ಹುಲ್ಲು ಆಕ್ರಮಿಸಿಕೊಂಡದ್ದು ಆ ಸೋಲಿನ ಪರಿಣಾಮ. ಯಾವ ಬೀಜ ಒಳ್ಳೆಯದು ಎಂದು ಎಲ್ಲರೂ ಮೊದಲಿಗೇ ಕೇಳುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಜಿಂಕೆ ನಿಜವಾಗಿ ಏನನ್ನು ತಿನ್ನುತ್ತದೆ, ನಿಮ್ಮ ಜಮೀನಿನಲ್ಲಿ ಯಾವ ತಿಂಗಳುಗಳಲ್ಲಿ ಅದಕ್ಕೆ ಕೊರತೆಯಾಗುತ್ತದೆ, ಆ ಕೊರತೆಯನ್ನು ಉಳುಮೆಯಿಲ್ಲದೆಯೇ ನೀಗಿಸಬಹುದೇ, ಉಳುವುದೇ ಆದರೆ ಮಣ್ಣು ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ಗೊತ್ತಾದ ಮೇಲೆ ಬೀಜವನ್ನು ಆರಿಸುವುದು ಕಷ್ಟದ ಕೆಲಸವಲ್ಲ.

ಜಿಂಕೆ ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಾದರೂ ಹಸುವಿನಂತೆ ಮೇಯುವುದಿಲ್ಲ. ಮೆಲುಕು ಹಾಕುವ ಪ್ರಾಣಿಗಳನ್ನು ಅವುಗಳ ಜೀರ್ಣಾಂಗಗಳ ರಚನೆಯ ಆಧಾರದ ಮೇಲೆ ಜರ್ಮನಿಯ ವಿಜ್ಞಾನಿ ಹಾಫ್‌ಮನ್ ಅವರು ಹುಲ್ಲು ಮೇಯುವವು, ಸುಲಭವಾಗಿ ಜೀರ್ಣವಾಗುವ ಕುಡಿ ಎಲೆಗಳನ್ನು ಆಯ್ದು ತಿನ್ನುವವು ಮತ್ತು ಎರಡನ್ನೂ ಮಾಡುವವು ಎಂದು ವಿಂಗಡಿಸಿದ್ದರು; 1989ರಲ್ಲಿ ಪ್ರಕಟವಾದ ಅವರ ಲೇಖನವನ್ನು ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಿಸುತ್ತಾರೆ. ಬಿಳಿಬಾಲದ ಜಿಂಕೆ ಮತ್ತು ಯೂರೋಪಿನ ರೋ ಜಿಂಕೆ ಆಯ್ದು ತಿನ್ನುವ ಗುಂಪಿನ ಕಡೆಗೆ ವಾಲುತ್ತವೆ. ಅವುಗಳ ಮೂತಿ ಕಿರಿದು, ದೇಹಕ್ಕೆ ಹೋಲಿಸಿದರೆ ಮೆಲುಕುಚೀಲ ಚಿಕ್ಕದು. ನಾರು ತುಂಬಿದ ಬಲಿತ ಹುಲ್ಲನ್ನು ಹೊಟ್ಟೆ ತುಂಬ ತುಂಬಿಕೊಂಡು ದಿನಗಟ್ಟಲೆ ಕೊಳೆಸಿ ಜೀರ್ಣಿಸಿಕೊಳ್ಳುವ ಸಾಮರ್ಥ್ಯ ಅವಕ್ಕಿಲ್ಲ. ಹೀಗಾಗಿ ಪೊದೆಗಳ ಕುಡಿ, ಅಗಲ ಎಲೆಯ ಎಳೆಯ ಗಿಡಗಳು, ಓಕ್ ಮರದ ಕಾಯಿ, ಬಿದ್ದ ಹಣ್ಣು, ಅಣಬೆ ಹೀಗೆ ಸುಲಭವಾಗಿ ಜೀರ್ಣವಾಗುವುದನ್ನೇ ಹುಡುಕಿ ತಿನ್ನುತ್ತವೆ. ನಿಮ್ಮ ಬೀಳುಹೊಲದಲ್ಲಿ ಸೊಂಟದೆತ್ತರದ ಹುಲ್ಲು ಹಸಿರಾಗಿ ನಿಂತಿದ್ದರೂ ಜಿಂಕೆಯ ಪಾಲಿಗೆ ಅದು ಹೆಚ್ಚುಕಡಿಮೆ ಬರಿದಾದ ಜಾಗ. ಚುಕ್ಕೆ ಜಿಂಕೆಯಂತೆ ಹುಲ್ಲನ್ನು ಮುಖ್ಯ ಆಹಾರವಾಗಿ ಮೇಯುವ ಜಾತಿಗಳ ಲೆಕ್ಕವೇ ಬೇರೆ. ಅವುಗಳಿಗೆ ಚಿಕ್ಕದಾಗಿ ಚಿಗುರುತ್ತಿರುವ ಹುಲ್ಲುಗಾವಲೇ ಮುಖ್ಯ, ಮುಂದೆ ಹೇಳುವ ಬೀಜಗಳ ಆಯ್ಕೆ ಅವುಗಳಿಗೆ ಅನ್ವಯಿಸುವುದಿಲ್ಲ.

ಇನ್ನು ಪ್ರಮಾಣದ ಮಾತು. 60 ಕಿಲೋ ತೂಕದ ಒಂದು ಜಿಂಕೆಗೆ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಕಿಲೋ ಆಹಾರ ಬೇಕು. ಹತ್ತು ಜಿಂಕೆಗಳು ನಿಮ್ಮ ಜಮೀನನ್ನೇ ನೆಚ್ಚಿಕೊಂಡಿವೆ ಎಂದುಕೊಂಡರೆ ವರ್ಷಕ್ಕೆ ಐದೂವರೆಯಿಂದ ಏಳು ಟನ್ ಆಯಿತು. ಚೆನ್ನಾಗಿ ನೆಲೆಗೊಂಡ ಬಿಳಿ ಕ್ಲೋವರ್ ಒಳ್ಳೆಯ ಮಣ್ಣಿನಲ್ಲಿ, ಒಳ್ಳೆಯ ಮಳೆಯ ವರ್ಷದಲ್ಲಿ ಎಕರೆಗೆ ಎರಡರಿಂದ ಮೂರು ಟನ್ ಒಣಮೇವು ಕೊಡುತ್ತದೆ. ನಿಮ್ಮ ಅರ್ಧ ಎಕರೆಯಿಂದ ಅದರ ಅರ್ಧ. ಅದಷ್ಟನ್ನೂ ಒಂದೆಲೆ ಬಿಡದೆ ತಿಂದರೂ ವರ್ಷದ ಅಗತ್ಯದ ಐದನೆಯ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಈ ಲೆಕ್ಕವನ್ನು ನಾನು ನಿಮ್ಮ ಉತ್ಸಾಹ ಕುಗ್ಗಿಸಲು ಕೊಡುತ್ತಿಲ್ಲ. ತಾಕು ಎಂಬುದು ಕಾಡಿಗೆ ಬದಲಿಯಲ್ಲ, ಕಾಡು ಕೊಡಲಾರದ ಕೆಲವು ವಾರಗಳಲ್ಲಿ ಪೌಷ್ಟಿಕ ಆಹಾರ ಒದಗಿಸುವ ಪೂರಕ ಮಾತ್ರ ಎಂಬುದು ಮನದಟ್ಟಾದರೆ, ಅದನ್ನು ಎಲ್ಲಿ, ಯಾವಾಗ, ಎಷ್ಟು ಮಾಡಬೇಕೆಂಬುದು ತಿಳಿಯಾಗುತ್ತದೆ.

ಆದ್ದರಿಂದ ನಿಮ್ಮ 30 ಎಕರೆ ಕಾಡನ್ನು ಮೊದಲು ನೋಡಿ. ಮರಗಳ ಮೇಲ್ಛಾವಣಿ ಒಂದಕ್ಕೊಂದು ಕೂಡಿಕೊಂಡು ನೆಲಕ್ಕೆ ಬಿಸಿಲೇ ಬೀಳದ ಕಾಡಿನಲ್ಲಿ ಜಿಂಕೆಯ ಬಾಯಿಗೆ ಎಟುಕುವ ಎತ್ತರದಲ್ಲಿ ತಿನ್ನುವಂಥದ್ದು ಬಹಳ ಕಡಿಮೆ ಇರುತ್ತದೆ. ಮರಮುಟ್ಟಿಗೆ ಬಾರದ, ಕಾಯಿ ಹಣ್ಣು ಕೊಡದ, ಒತ್ತೊತ್ತಾಗಿ ನಿಂತ ಮರಗಳನ್ನು ಗುರುತಿಸಿ ತೆಗೆದು, ನೆಲದ ಮೂರನೆಯ ಒಂದು ಭಾಗಕ್ಕಾದರೂ ಬಿಸಿಲು ತಲುಪುವಂತೆ ಮಾಡಿದರೆ ಎರಡು ಮೂರು ವರ್ಷಗಳಲ್ಲಿ ಕೆಳಗಿನ ಸಸ್ಯರಾಶಿ ಹಲವು ಪಟ್ಟು ಹೆಚ್ಚುತ್ತದೆ. ಕಡಿದ ಬೊಡ್ಡೆಗಳಿಂದ ಮೇಲೇಳುವ ಕುಡಿಗಳು, ಕಾಡು ಬೆರ್ರಿಯ ಪೊದೆಗಳು, ಬಳ್ಳಿಗಳು ಇವೆಲ್ಲ ಮೇವಷ್ಟೇ ಅಲ್ಲ, ಮರಿಗಳಿಗೆ ಮರೆ ಕೂಡ. ಯಾವ ಮರವನ್ನು ಉಳಿಸಬೇಕೆಂಬುದು ಕಡಿಯುವುದಕ್ಕಿಂತ ಮುಖ್ಯ. ಓಕ್ ಮರಗಳಿದ್ದರೆ ಬಿಳಿ ಓಕ್ ಗುಂಪಿನವನ್ನೂ ಕೆಂಪು ಓಕ್ ಗುಂಪಿನವನ್ನೂ ಎರಡನ್ನೂ ಉಳಿಸಿಕೊಳ್ಳಿ. ಮೊದಲಿನದರ ಕಾಯಿ ಒಂದೇ ವರ್ಷದಲ್ಲಿ ಮಾಗುತ್ತದೆ, ಒಗರು ಕಡಿಮೆ, ಜಿಂಕೆಗಳು ಅದನ್ನೇ ಮೊದಲು ತಿನ್ನುತ್ತವೆ. ಎರಡನೆಯದರ ಕಾಯಿ ಮಾಗಲು ಎರಡು ವರ್ಷ ಬೇಕು, ಒಗರು ಹೆಚ್ಚು, ಹಾಗಾಗಿ ಅದು ನೆಲದ ಮೇಲೆ ಚಳಿಗಾಲದವರೆಗೂ ಉಳಿಯುತ್ತದೆ. ವಸಂತದ ಒಂದು ತಡವಾದ ಮಂಜು ಹೂವನ್ನು ಸುಟ್ಟರೂ ಎರಡು ಗುಂಪುಗಳೂ ಒಂದೇ ವರ್ಷ ಕೈಕೊಡುವ ಸಂಭವ ಕಡಿಮೆ. ಮರ ಕಡಿಯುವ ಮೊದಲು ಅರಣ್ಯ ವಿಷಯದಲ್ಲಿ ತಿಳಿವಳಿಕೆಯುಳ್ಳವರೊಬ್ಬರನ್ನು ಕರೆಸಿ ಗುರುತು ಹಾಕಿಸುವುದು ಖರ್ಚಿಗೆ ತಕ್ಕ ಕೆಲಸ.

ಬೀಳುಹೊಲಕ್ಕೂ ಇದೇ ಮಾತು. ಉತ್ತು ಬಿತ್ತುವುದಕ್ಕಿಂತ ಅಗ್ಗವಾದ, ನನ್ನ ಅಭಿಪ್ರಾಯದಲ್ಲಿ ಅನೇಕ ಕಡೆ ಹೆಚ್ಚು ಫಲ ಕೊಡುವ ದಾರಿಯೆಂದರೆ ಅಲ್ಲಿ ದಟ್ಟವಾಗಿ ಹೆಣೆದುಕೊಂಡಿರುವ ಹೊರನಾಡಿನ ಹುಲ್ಲನ್ನು ಒಮ್ಮೆ ನಾಶಮಾಡಿ, ಮಣ್ಣಿನೊಳಗೆ ವರ್ಷಗಳಿಂದ ಮಲಗಿರುವ ಸ್ಥಳೀಯ ಬೀಜಗಳಿಗೆ ಮೇಲೇಳಲು ಅವಕಾಶ ಕೊಡುವುದು. ಉತ್ತರ ಅಮೆರಿಕದಲ್ಲಿ ಟಾಲ್ ಫೆಸ್ಕ್ಯೂ ಎಂಬ ಹುಲ್ಲು ಇಂಥ ಹೊಲಗಳನ್ನು ಹೊದಿಕೆಯಂತೆ ಮುಚ್ಚಿಕೊಂಡಿರುತ್ತದೆ. ಅದರ ಅಡಿಯಲ್ಲಿ ಬೇರೇನೂ ಏಳುವುದಿಲ್ಲ, ನೆಲದ ಮೇಲೆ ಓಡಾಡುವ ಹಕ್ಕಿಮರಿಗಳಿಗೆ ನುಸುಳಲು ದಾರಿಯೂ ಇರುವುದಿಲ್ಲ. ಅದು ಹೋದ ಮೇಲೆ ಬರುವ ರ‍್ಯಾಗ್‌ವೀಡ್, ಪೋಕ್‌ವೀಡ್, ಗೋಲ್ಡನ್‌ರಾಡ್ ಮುಂತಾದವನ್ನು ರೈತರು ಕಳೆ ಎಂದು ಕಿತ್ತೆಸೆಯುತ್ತಾರೆ, ಜಿಂಕೆಗಳು ಅವುಗಳಲ್ಲಿ ಹಲವನ್ನು ಹುಡುಕಿ ತಿನ್ನುತ್ತವೆ. ಎಳೆಯ ರ‍್ಯಾಗ್‌ವೀಡ್ ಎಲೆಗಳ ಸಸಾರಜನಕದ ಪ್ರಮಾಣ ಬಿತ್ತಿ ಬೆಳೆಸಿದ ಮೇವಿನೊಂದಿಗೆ ಹೋಲಿಸಬಹುದಾದಷ್ಟಿದೆ, ಅದರ ಬೀಜ ಚಳಿಗಾಲದಲ್ಲಿ ಕೌಜುಗಗಳ ಆಹಾರ. ಆದರೆ ಆ ಗಿಡ ಯೂರೋಪ್ ಮತ್ತು ಏಷ್ಯಾದ ಹಲವೆಡೆ ಹೊರಗಿನಿಂದ ಬಂದು ಹಬ್ಬಿದ, ಪರಾಗದಿಂದ ಅಲರ್ಜಿ ಉಂಟುಮಾಡುವ ಕಳೆ. ಅದು ಸಹಜವಾಗಿ ಬೆಳೆಯದ ನಾಡಿನಲ್ಲಿ ಅದನ್ನು ಎಂದೂ ಪೋಷಿಸಬಾರದು. ಯಾವ ಗಿಡ ಎಲ್ಲಿಯದು ಎಂಬ ಈ ವಿವೇಚನೆ ಸಡಿಲವಾದಾಗ ಆಗುವ ಹಾನಿ ದೊಡ್ಡದು. ಆಟಮ್ ಆಲಿವ್ ಎಂಬ ಪೊದೆಯನ್ನು 20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯೇ ವನ್ಯಜೀವಿಗಳಿಗೆ ಆಹಾರವಾಗಲೆಂದು ನೆಡಲು ಪ್ರೋತ್ಸಾಹಿಸಿತ್ತು. ಇಂದು ಅದೇ ಪೊದೆಯನ್ನು ಬೇರುಸಹಿತ ತೆಗೆಯಲು ಜಮೀನುದಾರರು ಹೆಣಗುತ್ತಿದ್ದಾರೆ. ಬೀಜದ ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿ ಕೊಳ್ಳಬೇಡಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಜಾತಿಗಳ ಪಟ್ಟಿಯನ್ನು ಓದಿ.

ಇಷ್ಟಾದ ಮೇಲೂ ತಾಕಿಗೆ ಅದರದೇ ಆದ ಜಾಗವಿದೆ. ಜಿಂಕೆಗೆ ವರ್ಷದಲ್ಲಿ ಎರಡು ಕಷ್ಟದ ಅವಧಿಗಳು. ಒಂದು, ಚಳಿಗಾಲದ ಕೊನೆ. ಕಾಯಿಗಳು ಮುಗಿದು ಹೊಸ ಚಿಗುರು ಇನ್ನೂ ಬಾರದ ವಾರಗಳು. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಬೇಸಿಗೆಯ ಉತ್ತರಾರ್ಧ. ಆಗ ಎಲ್ಲೆಲ್ಲೂ ಹಸಿರಿರುತ್ತದೆ, ಆದರೆ ಎಲೆಗಳು ಬಲಿತು ನಾರಾಗಿರುತ್ತವೆ, ಹೆಣ್ಣು ಜಿಂಕೆಗಳು ಇನ್ನೂ ಹಾಲೂಡುತ್ತಿರುತ್ತವೆ, ಗಂಡುಗಳ ಕೊಂಬು ಬೆಳೆಯುವ ಹಂತ ಮುಗಿದಿರುವುದಿಲ್ಲ. ಹಾಲೂಡುವ ತಾಯಿಗೆ ಆಹಾರದಲ್ಲಿ ನೂರಕ್ಕೆ 14ರಿಂದ 16ರಷ್ಟು ಸಸಾರಜನಕ ಬೇಕಾಗುವ ಹೊತ್ತು ಅದು. ಬಿಳಿ ಕ್ಲೋವರ್‌ನ ಎಲೆಯಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚಿರುತ್ತದೆ. ನಿಮ್ಮ ತಾಕಿನ ಯೋಜನೆ ಈ ಎರಡು ಅವಧಿಗಳನ್ನು ಗುರಿಯಾಗಿಸಿಕೊಳ್ಳಲಿ. ವಸಂತದಲ್ಲಿ, ಕಾಡೇ ಚಿಗುರಿ ತುಂಬಿರುವಾಗ, ಜಿಂಕೆಗಳು ನಿಮ್ಮ ತಾಕಿನತ್ತ ಸುಳಿಯದಿದ್ದರೆ ಬೇಸರಪಡಬೇಕಾದ್ದಿಲ್ಲ.

ಜಾಗ ಎಷ್ಟು ಎಂದು ಕೇಳಿದ್ದೀರಿ. ಒಟ್ಟು ಜಮೀನಿನ ನೂರಕ್ಕೆ 2ರಿಂದ 5 ಭಾಗ ಸಾಕು. ನಿಮಗೆ ಒಂದರಿಂದ ಎರಡು ಎಕರೆ. ಅದನ್ನು ಒಂದೇ ಚೌಕದಲ್ಲಿ ಮಾಡದೆ, ಎರಡು ಮೂರು ಕಡೆ, ಕಾಡಿನ ಅಂಚನ್ನು ಅನುಸರಿಸಿ ಬಾಗಿ ಸಾಗುವ ಉದ್ದನೆಯ ಪಟ್ಟಿಗಳಾಗಿ ಮಾಡಿ. ಪಟ್ಟಿಯ ಅಗಲ 30ರಿಂದ 40 ಮೀಟರ್ ಇದ್ದರೆ ಜಿಂಕೆ ಎಲ್ಲಿ ನಿಂತರೂ ಮರೆ ಹತ್ತಿರವಿರುತ್ತದೆ, ಹಗಲಲ್ಲೂ ಧೈರ್ಯವಾಗಿ ಬರುತ್ತದೆ. ಕ್ಲೋವರ್‌ಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಕಡಿದಾದ ಇಳಿಜಾರು ಬೇಡ, ಹೊಳೆಯ ಅಂಚು ಬೇಡ, ವಾಹನ ಓಡುವ ರಸ್ತೆಯ ಬದಿ ಖಂಡಿತ ಬೇಡ. ಕಾಡಿಗೂ ತಾಕಿಗೂ ನಡುವೆ ಹತ್ತು ಹದಿನೈದು ಮೀಟರ್ ಪಟ್ಟಿಯನ್ನು ಉಳದೆ ಪೊದೆಗಳಿಗೆ ಬಿಟ್ಟುಬಿಡಿ. ಮೊಲಗಳೂ ಹಕ್ಕಿಗಳೂ ತಾಕಿಗಿಂತ ಹೆಚ್ಚಾಗಿ ಬಳಸುವುದು ಆ ಪಟ್ಟಿಯನ್ನೇ.

ಈಗ ಮಣ್ಣಿಗೆ ಬರೋಣ; ನಿಮ್ಮ ಕಳೆದ ವರ್ಷದ ಸೋಲಿಗೆ ಉತ್ತರ ಇಲ್ಲಿದೆ ಎಂದು ನಾನು ನಂಬುತ್ತೇನೆ. ಬಹುಕಾಲ ಮಳೆ ಬೀಳುವ, ಕಾಡಿನಿಂದ ಸುತ್ತುವರಿದ, ಗೊಬ್ಬರ ಸುಣ್ಣ ಕಾಣದ ಹೊಲದ ಮಣ್ಣಿನಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಕ್ಲೋವರ್‌ಗೆ ಮಣ್ಣಿನ ರಸಸಾರ (ಹುಳಿಯ ಅಳತೆ, ಪಿಎಚ್) 6ರಿಂದ 7ರ ನಡುವೆ ಇರಬೇಕು. ರಸಸಾರದ ಅಳತೆಯಲ್ಲಿ ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ. 5 ಇರುವ ಮಣ್ಣು 6 ಇರುವ ಮಣ್ಣಿಗಿಂತ ಹತ್ತು ಪಟ್ಟು ಹುಳಿ. ಅದು ಐದೂವರೆಗಿಂತ ಕೆಳಗಿಳಿದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಸುಡುತ್ತದೆ, ರಂಜಕ ಇದ್ದರೂ ಗಿಡಕ್ಕೆ ಸಿಗದಂತೆ ಬಂಧಿತವಾಗುತ್ತದೆ, ಬೇರುಗಂಟುಗಳಲ್ಲಿ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಜೀವಾಣುಗಳು ಕೆಲಸ ನಿಲ್ಲಿಸುತ್ತವೆ. ಬೀಜದೊಳಗಿನ ಆಹಾರ ಮುಗಿಯುವವರೆಗೆ ಸಸಿ ಹಸಿರಾಗಿದ್ದು, ಆಮೇಲೆ ಸಾರಜನಕವಿಲ್ಲದೆ ಹಳದಿಯಾಗುತ್ತದೆ. ನೀವು ಕಂಡದ್ದು ಇದನ್ನೇ ಇರಬೇಕು. ಆ ಹಳದಿ ಸಸಿಯನ್ನು ಕಿತ್ತು ಬೇರು ನೋಡಿದ್ದರೆ ಗಂಟುಗಳೇ ಇಲ್ಲದಿರುವುದು, ಅಥವಾ ಇದ್ದರೂ ಒಳಗೆ ತಿಳಿಗೆಂಪು ಬಣ್ಣವಿಲ್ಲದೆ ಬಿಳಿಚಿಕೊಂಡಿರುವುದು ಕಾಣುತ್ತಿತ್ತು. ಮುಂದಿನ ಬಾರಿ ಬಿತ್ತಿದ ಏಳೆಂಟು ವಾರಗಳ ಮೇಲೆ ಕೆಲವು ಗಿಡಗಳನ್ನು ಅಗೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಾಗೆಂದು ಊಹೆಯ ಮೇಲೆ ಸುಣ್ಣ ಸುರಿಯಬೇಡಿ. ಪ್ರತಿ ತಾಕಿನಲ್ಲೂ ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ನೆರಳಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾಲಯಕ್ಕೆ ಕಳುಹಿಸಿ. ಸುಣ್ಣದ ಪ್ರಮಾಣ ರಸಸಾರವೊಂದನ್ನೇ ಅವಲಂಬಿಸಿಲ್ಲ; ಮರಳು ಮಣ್ಣಿಗೆ ಎಕರೆಗೆ ಒಂದು ಟನ್ ಸಾಕಾಗುವಲ್ಲಿ ಜೇಡಿಮಣ್ಣಿಗೆ ಎರಡು ಟನ್ನಿಗಿಂತ ಹೆಚ್ಚು ಬೇಕಾಗಬಹುದು. ಬಳಸಬೇಕಾದದ್ದು ನುಣ್ಣಗೆ ಪುಡಿ ಮಾಡಿದ ಸುಣ್ಣಕಲ್ಲು. ಮೆಗ್ನೀಸಿಯಂ ಕೊರತೆಯಿದ್ದರೆ ಆ ಅಂಶವೂ ಇರುವ ಡೋಲೊಮೈಟ್ ಸುಣ್ಣಕಲ್ಲು. ಸುಣ್ಣ ಹಾಕಿದ ಮರುದಿನ ಮಣ್ಣು ಬದಲಾಗುವುದಿಲ್ಲ, ಮಣ್ಣಿನಲ್ಲಿ ಬೆರೆಸಿದ ಮೇಲೂ ಆರು ತಿಂಗಳಾದರೂ ಬೇಕು. ಆದ್ದರಿಂದ ಈ ವರ್ಷ ಸುಣ್ಣ ಹಾಕಿ ಉತ್ತು, ಮುಂದಿನ ಬೇಸಿಗೆಯ ಕೊನೆಗೆ ಕ್ಲೋವರ್ ಬಿತ್ತುವುದು ಸರಿಯಾದ ಕ್ರಮ. ನಡುವಿನ ಕಾಲದಲ್ಲಿ ನೆಲವನ್ನು ಬರಿದು ಬಿಡದೆ, ಮಂಜಿನ ಭಯ ಕಳೆದ ಮೇಲೆ ಎಕರೆಗೆ 20ರಿಂದ 25 ಕಿಲೋದಂತೆ ಬಕ್‌ವೀಟ್ ಎಂಬ ಧಾನ್ಯದ ಗಿಡ ಬಿತ್ತಿ. ಅದು ಹುಳಿಮಣ್ಣನ್ನು ಸಹಿಸುತ್ತದೆ, ಬೇಗನೆ ನೆಲ ಮುಚ್ಚಿ ಕಳೆಯನ್ನು ಅಡಗಿಸುತ್ತದೆ, ನಾಲ್ಕೈದು ವಾರದಲ್ಲೇ ಹೂಬಿಟ್ಟು ಜೇನುನೊಣಗಳನ್ನು ಕರೆಯುತ್ತದೆ. ಬೀಜ ಬಲಿಯುವ ಮೊದಲು ಅದನ್ನು ಮಗುಚಿಹಾಕಿದರೆ ಮಣ್ಣಿಗೆ ಸಾವಯವ ಅಂಶವೂ ಸೇರುತ್ತದೆ.

ಬಿತ್ತನೆಯ ವಿಷಯದಲ್ಲಿ ಹೆಚ್ಚಾಗಿ ಆಗುವ ತಪ್ಪು ಬೀಜವನ್ನು ಆಳಕ್ಕೆ ಹೂಳುವುದು. ಕ್ಲೋವರ್, ಚಿಕೋರಿ, ಸಾಸಿವೆ ಜಾತಿಯ ಬೀಜಗಳು ಅರ್ಧ ಸೆಂಟಿಮೀಟರಿಗಿಂತ ಕೆಳಗೆ ಹೋದರೆ ಮೇಲೇಳಲು ಶಕ್ತಿ ಸಾಲದು. ಓಟ್ಸ್, ಗೋಧಿಯಂಥವು ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಆಳದಲ್ಲಿರಬೇಕು. ಎರಡನ್ನೂ ಒಟ್ಟಿಗೆ ಬೆರೆಸಿ ಚೆಲ್ಲಿ ಕುಂಟೆ ಹೊಡೆದರೆ ಒಂದಕ್ಕೆ ಅನ್ಯಾಯವಾಗುವುದು ಖಚಿತ. ಮೊದಲು ಧಾನ್ಯವನ್ನು ಚೆಲ್ಲಿ ಹಗುರವಾಗಿ ಮಣ್ಣು ಮುಚ್ಚಿ, ರೋಲರ್ ಓಡಿಸಿ ನೆಲವನ್ನು ಗಟ್ಟಿ ಮಾಡಿ, ಅದರ ಮೇಲೆ ಸಣ್ಣ ಬೀಜವನ್ನು ಚೆಲ್ಲಿ ಮತ್ತೊಮ್ಮೆ ರೋಲರ್ ಓಡಿಸಿ. ಹದ ಸರಿಯಿದ್ದರೆ ನಡೆದಾಗ ಬೂಟಿನ ಗುರುತು ಒಂದು ಸೆಂಟಿಮೀಟರಿಗಿಂತ ಆಳಕ್ಕಿಳಿಯದು. ದ್ವಿದಳ ಬೀಜಕ್ಕೆ ಅದರದೇ ಜೀವಾಣುವಿನಿಂದ ಉಪಚಾರ ಮಾಡಬೇಕು. ಕ್ಲೋವರ್‌ಗೆ ಬೇಕಾದ ರೈಜೋಬಿಯಂ ಬೇರೆ, ಅಲಸಂದೆ ಮತ್ತು ಅವರೆಗೆ ಬೇಕಾದದ್ದು ಬೇರೆ, ಸೋಯಾಕ್ಕೆ ಬೇಕಾದದ್ದು ಮತ್ತೊಂದು. ಇವು ಜೀವಂತ ವಸ್ತುಗಳಾದ್ದರಿಂದ ಪೊಟ್ಟಣದ ಮೇಲಿನ ಅವಧಿಯನ್ನು ನೋಡಿ ಕೊಳ್ಳಿ, ಬಿಸಿಲಿಗೆ ಇಡಬೇಡಿ, ಉಪಚರಿಸಿದ ದಿನವೇ ಬಿತ್ತಿ.

ಕೊನೆಗೂ ಬೀಜದ ಹೆಸರು. ನಿಮ್ಮ ಮುಖ್ಯ ತಾಕಿಗೆ, ಬೇಸಿಗೆಯ ಕೊನೆಯಲ್ಲಿ, ಗಟ್ಟಿ ಮಂಜು ಬೀಳಲು ಇನ್ನೂ ಆರೇಳು ವಾರವಿರುವಾಗ, ಮಳೆಯ ಸೂಚನೆ ನೋಡಿಕೊಂಡು ಎಕರೆಗೆ ಓಟ್ಸ್ 25 ಕಿಲೋ, ಕೆಂಪು ಕ್ಲೋವರ್ ಎರಡೂವರೆ ಕಿಲೋ, ಬಿಳಿ ಕ್ಲೋವರ್ ಒಂದೂವರೆ ಕಿಲೋ, ಚಿಕೋರಿ ಒಂದು ಕಿಲೋದಂತೆ ಬಿತ್ತಿ. ಓಟ್ಸ್ ಬೇಗ ಎದ್ದು ಸಣ್ಣ ಸಸಿಗಳಿಗೆ ನೆರಳಾಗುತ್ತದೆ, ಶರತ್ಕಾಲದಲ್ಲಿ ಜಿಂಕೆಗಳ ಬಾಯಿಗೆ ಮೊದಲು ಸಿಗುವುದು ಅದೇ, ಚಳಿಗೆ ಸತ್ತು ವಸಂತದಲ್ಲಿ ಕ್ಲೋವರ್‌ಗೆ ಜಾಗ ಬಿಟ್ಟುಕೊಡುತ್ತದೆ. ಕೆಂಪು ಕ್ಲೋವರ್ ಎರಡು ಮೂರು ವರ್ಷ ಬಾಳುತ್ತದೆ. ಬಿಳಿ ಕ್ಲೋವರ್ ನೆಲದ ಮೇಲೆ ಹಬ್ಬಿ, ಆರೈಕೆಯಿದ್ದರೆ ನಾಲ್ಕೈದು ವರ್ಷ ಉಳಿಯುತ್ತದೆ. ಚಿಕೋರಿಯ ಬೇರು ಆಳಕ್ಕಿಳಿಯುವುದರಿಂದ ಬೇಸಿಗೆಯ ಉತ್ತರಾರ್ಧದಲ್ಲಿ, ಕ್ಲೋವರ್ ಬಾಡಿದಾಗಲೂ, ಹಸಿರಾಗಿರುತ್ತದೆ. ಎಲ್ಲಾದರೂ ತೆಳುವಾದರೆ ಚಳಿಗಾಲದ ಕೊನೆಯಲ್ಲಿ, ರಾತ್ರಿ ನೆಲ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಆ ಜಾಗಕ್ಕೆ ಕ್ಲೋವರ್ ಬೀಜವನ್ನು ಸುಮ್ಮನೆ ಚೆಲ್ಲಿದರೆ ಸಾಕು, ಬಿರುಕುಬಿಡುವ ಮಣ್ಣು ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ.

ಚಳಿಗಾಲದ ಕೊನೆಯ ಕೊರತೆಗೆ ಎರಡನೆಯ ತಾಕಿನಲ್ಲಿ ಗೋಧಿ ಅಥವಾ ರೈ ಬಿತ್ತಿ. ಇವು ಹಿಮದಡಿಯಲ್ಲೂ ಬದುಕಿದ್ದು ಎಲ್ಲಕ್ಕಿಂತ ಮೊದಲು ಚಿಗುರುತ್ತವೆ. ಟರ್ನಿಪ್‌ನಂಥ ಸಾಸಿವೆ ಕುಟುಂಬದ ಮೇವು ಎಕರೆಗೆ ಎರಡು ಕಿಲೋ ಬೀಜದಲ್ಲಿ ಅಪಾರ ಸೊಪ್ಪು ಕೊಡುತ್ತದೆ, ಮಂಜು ಬಿದ್ದ ಮೇಲೆ ಸಿಹಿಯಾಗುತ್ತದೆ. ಆದರೆ ಅದನ್ನು ಹಿಂದೆಂದೂ ತಿನ್ನದ ಜಿಂಕೆಗಳು ಮೊದಲ ವರ್ಷ ಮೂಸಿ ನೋಡಿ ಹೋಗುವುದುಂಟು, ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಒಂದೇ ಜಾಗದಲ್ಲಿ ಬೆಳೆದರೆ ಬೇರಿನ ರೋಗ ಬರುತ್ತದೆ. ಬೇಸಿಗೆಗೆ ಅಲಸಂದೆ, ಅವರೆ, ಸೋಯಾ ಅತ್ಯುತ್ತಮ ಮೇವು. ಆದರೂ ಎರಡು ಎಕರೆಗಿಂತ ಕಡಿಮೆ ಜಾಗವಿರುವ ನಿಮಗೆ ಇವನ್ನು ಬೇಲಿಯಿಲ್ಲದೆ ಸೂಚಿಸಲಾರೆ. ಇವುಗಳ ಕುಡಿ ನೆಲದ ಮೇಲಿರುತ್ತದೆ. ಮೊಳಕೆಯಲ್ಲೇ ಅದನ್ನು ಕಚ್ಚಿದರೆ ಗಿಡ ಮತ್ತೆ ಏಳುವುದಿಲ್ಲ, ಹತ್ತು ಜಿಂಕೆಗಳಿಗೆ ಅರ್ಧ ಎಕರೆ ಸೋಯಾ ಮೊಳಕೆ ಕೆಲವೇ ರಾತ್ರಿಗಳ ಮಾತು.

ಬಿತ್ತಿದ ಮೇಲಿನ ಆರೈಕೆಯಲ್ಲಿ ಗೊಬ್ಬರದ ವಿಷಯ ಚಿಕ್ಕದು. ಪರೀಕ್ಷೆಯ ವರದಿಯಲ್ಲಿ ಹೇಳಿದಷ್ಟು ರಂಜಕ ಮತ್ತು ಪೊಟ್ಯಾಷ್ ಕೊಡಿ. ನೆಲೆಗೊಂಡ ಕ್ಲೋವರ್‌ಗೆ ಯೂರಿಯಾ ಹಾಕಿದರೆ ನೀವು ಸಾಕುವುದು ಹುಲ್ಲನ್ನು. ಕತ್ತರಿಸುವ ವಿಷಯ ಮಾತ್ರ ದೊಡ್ಡದು, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಕಳೆ ಬೀಜ ಕಟ್ಟುವ ಮೊದಲು ತಾಕನ್ನು 15ರಿಂದ 20 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಬೇಕೆಂಬುದು ಎಲ್ಲ ಕೈಪಿಡಿಗಳಲ್ಲೂ ಇರುವ ಸಲಹೆ. ಆದರೆ ಕಳೆ ಎತ್ತರಕ್ಕೆ ಬರುವ ಮೇ ಕೊನೆ, ಜೂನ್ ತಿಂಗಳುಗಳೇ ಉತ್ತರದ ಸಮಶೀತೋಷ್ಣ ನಾಡುಗಳಲ್ಲಿ ಜಿಂಕೆ ಮರಿ ಹಾಕುವ ಕಾಲ. ಹುಟ್ಟಿದ ಮೊದಲ ಕೆಲವು ವಾರ ಮರಿ ಅಪಾಯ ಕಂಡರೆ ಓಡುವುದಿಲ್ಲ. ತಾಯಿ ದೂರವಿದ್ದಾಗ ಎತ್ತರದ ಗಿಡಗಳ ನಡುವೆ ನೆಲಕ್ಕಂಟಿ ಅಲುಗಾಡದೆ ಮಲಗುತ್ತದೆ. ವಾಸನೆ ಹಿಡಿದು ಬರುವ ಬೇಟೆ ಪ್ರಾಣಿಯಿಂದ ಆ ಸ್ವಭಾವ ಅದನ್ನು ಕಾಪಾಡುತ್ತದೆ, ಟ್ರ್ಯಾಕ್ಟರಿನ ಅಲಗಿನಿಂದ ಕಾಪಾಡುವುದಿಲ್ಲ. ಯೂರೋಪಿನಲ್ಲಿ ಹುಲ್ಲು ಕೊಯ್ಯುವ ಕಾಲದಲ್ಲಿ ರೋ ಜಿಂಕೆಯ ಮರಿಗಳು ಹೀಗೆ ಸಾಯುವುದನ್ನು ತಪ್ಪಿಸಲು ಮುಂಜಾನೆ, ನೆಲ ತಂಪಾಗಿರುವಾಗ, ದೇಹದ ಬಿಸಿಯನ್ನು ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನ್ ಹಾರಿಸಿ ಮರಿಗಳನ್ನು ಹುಡುಕುವ ಕ್ರಮ ಬಂದಿದೆ. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳು ಕಾವಿಗೆ ಕೂರುವುದೂ ಅದೇ ಕಾಲ. ಜಿಂಕೆಗಳಿಗಾಗಿ ಮಾಡಿದ ತಾಕಿನಲ್ಲಿ ಜಿಂಕೆಮರಿಯನ್ನು ಕತ್ತರಿಸುವುದಕ್ಕಿಂತ ಕಳೆ ಬೀಜ ಬಿಡುವುದೇ ಮೇಲು. ಜುಲೈ ನಡುವಿನವರೆಗೆ ಯಂತ್ರ ಇಳಿಸಬೇಡಿ. ಇಳಿಸಿದಾಗಲೂ ನಡುವಿನಿಂದ ಆರಂಭಿಸಿ ಹೊರಕ್ಕೆ ಸಾಗಿದರೆ ಪ್ರಾಣಿಗಳಿಗೆ ಕಾಡಿನತ್ತ ಓಡಲು ದಾರಿ ಇರುತ್ತದೆ. ಬಿರುಬಿಸಿಲು, ಬರ ಇದ್ದರೆ ಆಗಲೂ ಕತ್ತರಿಸಬೇಡಿ. ಅದಕ್ಕೂ ಮೊದಲು ಕಳೆ ತಡೆಯಲಾರದಷ್ಟಾದರೆ, ಹುಲ್ಲನ್ನು ಮಾತ್ರ ಕೊಲ್ಲುವ ಕಳೆನಾಶಕವನ್ನು ವಸಂತದಲ್ಲೇ, ಹುಲ್ಲು ಗೇಣುದ್ದ ಇರುವಾಗ, ಚೀಟಿಯಲ್ಲಿ ಬರೆದ ಪ್ರಮಾಣ ಮೀರದಂತೆ ಬಳಸಬಹುದು. ಬಿತ್ತಿದವುಗಳಲ್ಲಿ ಚಿಕೋರಿಯೂ ಇರುವುದರಿಂದ ಅಗಲ ಎಲೆಯ ಕಳೆಗೆ ಹೊಡೆಯುವ ಔಷಧ ನಿಮಗೆ ಸಲ್ಲದು.

ಹಕ್ಕಿಗಳನ್ನೂ ನೆನೆದಿದ್ದೀರಿ. ಅವುಗಳಿಗೂ ದುಂಬಿಗಳಿಗೂ ಬೇಕಾದದ್ದು ಹೆಚ್ಚಿನ ಬಿತ್ತನೆಯಲ್ಲ, ಸ್ವಲ್ಪ ಅಸ್ತವ್ಯಸ್ತತೆ. ಟರ್ಕಿ ಮತ್ತು ಕೌಜುಗದ ಮರಿಗಳು ಮೊದಲ ವಾರಗಳಲ್ಲಿ ಬೆಳೆಯುವುದು ಕೀಟ ತಿಂದು. ಕೀಟಗಳಿರುವುದು ಅಗಲ ಎಲೆಯ ಗಿಡಗಳ ನಡುವೆ, ಮರಿ ಓಡಾಡಲು ಬರಿನೆಲ ಸಿಗುವ ಕಡೆ. ತಾಕಿನ ಒಂದು ಪಟ್ಟಿಯನ್ನು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಹಗುರವಾಗಿ ಕೆರೆದು ಬಿತ್ತದೆ ಬಿಟ್ಟರೆ ಅಂಥ ಜಾಗ ತಾನಾಗಿ ಸಿದ್ಧವಾಗುತ್ತದೆ. ಬಿಳಿ ಕ್ಲೋವರ್‌ನ ಹೂ ಜೇನುನೊಣಗಳಿಗೆ, ಕೊಳವೆ ಉದ್ದವಿರುವ ಕೆಂಪು ಕ್ಲೋವರ್‌ನ ಹೂ ಉದ್ದ ನಾಲಿಗೆಯ ದೊಡ್ಡ ದುಂಬಿಗಳಿಗೆ. ನಿಯೋನಿಕೋಟಿನಾಯ್ಡ್ ಕೀಟನಾಶಕ ಲೇಪಿಸಿದ ಬೀಜವನ್ನಂತೂ ಕೊಳ್ಳಬೇಡಿ. ಚೆಲ್ಲಿದ ಬೀಜದಲ್ಲಿ ಒಂದಷ್ಟು ನೆಲದ ಮೇಲೆ ಉಳಿದೇ ಉಳಿಯುತ್ತದೆ, ಹಕ್ಕಿಗಳು ಅದನ್ನು ಹೆಕ್ಕುತ್ತವೆ.

ತಾಕು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕಣ್ಣಂದಾಜು ಸಾಲದು. ತಂತಿಬಲೆಯನ್ನು ಒಂದು ಮೀಟರ್ ವ್ಯಾಸದ, 1.2 ಮೀಟರ್ ಎತ್ತರದ ಉರುಳೆಯಾಗಿ ಬಾಗಿಸಿ, ಬಿತ್ತಿದ ದಿನವೇ ಪ್ರತಿ ತಾಕಿನಲ್ಲೂ ಒಂದೆರಡು ನಿಲ್ಲಿಸಿ, ಗೂಟ ಹೊಡೆದು ಭದ್ರಪಡಿಸಿ. ಒಳಗೂ ಹೊರಗೂ ಗಿಡ ಸೊರಗಿದ್ದರೆ ತೊಂದರೆ ಮಣ್ಣಿನದು. ಒಳಗೆ ಮೊಣಕಾಲೆತ್ತರ, ಹೊರಗೆ ಎರಡು ಬೆರಳೆತ್ತರ ಇದ್ದರೆ ಜಮೀನು ತಾಳುವುದಕ್ಕಿಂತ ಹೆಚ್ಚು ಜಿಂಕೆಗಳಿವೆ ಎಂದರ್ಥ. ಕಾಡಿನೊಳಗೂ ಅಂಥದೊಂದು ಉರುಳೆ ಇರಲಿ. ಅದರೊಳಗೆ ಮಾತ್ರ ಓಕ್ ಸಸಿಗಳು ಉಳಿದು ಹೊರಗೆ ಒಂದೂ ಕಾಣದಿದ್ದರೆ, ಎಷ್ಟು ಎಕರೆ ಕ್ಲೋವರ್ ಬಿತ್ತಿದರೂ ಪ್ರಯೋಜನವಿಲ್ಲ. ಹೆಚ್ಚಿದ ಆಹಾರ ಹೆಚ್ಚು ಮರಿಗಳನ್ನು ಉಳಿಸುತ್ತದೆ, ಅವು ಮತ್ತೆ ಕಾಡನ್ನೇ ಮೇಯುತ್ತವೆ. ಆಗ ಮಾತನಾಡಬೇಕಾದದ್ದು ಜಿಂಕೆಗಳ ಸಂಖ್ಯೆಯ ಬಗ್ಗೆ, ನಿಮ್ಮ ಪ್ರದೇಶದ ವನ್ಯಜೀವಿ ಇಲಾಖೆಯೊಂದಿಗೆ, ಅಲ್ಲಿನ ಕಾನೂನಿನ ಚೌಕಟ್ಟಿನಲ್ಲಿ.

ಚಳಿಗಾಲದಲ್ಲಿ ಜೋಳ ಸುರಿಯುವ ಬಗ್ಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂಬುದು. ಚಳಿಗಾಲದಲ್ಲಿ ಜಿಂಕೆಯ ಮೆಲುಕುಚೀಲದ ಸೂಕ್ಷ್ಮಜೀವಿಗಳು ಒಣಕಡ್ಡಿ, ತೊಗಟೆ ಜೀರ್ಣಿಸಲು ಹೊಂದಿಕೊಂಡಿರುತ್ತವೆ. ಆ ಹೊಂದಾಣಿಕೆ ಬದಲಾಗಲು ವಾರಗಳೇ ಬೇಕು. ಹಸಿದ ಜಿಂಕೆ ಒಮ್ಮೆಲೇ ಪಿಷ್ಟ ತುಂಬಿದ ಧಾನ್ಯ ತಿಂದರೆ ಮೆಲುಕುಚೀಲ ಹುಳಿಯಾಗಿ, ಹೊಟ್ಟೆ ತುಂಬಿರುವಾಗಲೇ ಸಾಯಬಹುದು. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, ಔಷಧವಿಲ್ಲದ, ಪ್ರಿಯಾನ್ ಎಂಬ ವಿಕೃತ ಸಸಾರಜನಕ ಕಣಗಳಿಂದ ಬರುವ ರೋಗವೊಂದನ್ನು 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಸಂಶೋಧನೆಗಾಗಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಗಮನಿಸಲಾಯಿತು. 2016ರಲ್ಲಿ ಅದು ನಾರ್ವೆಯ ಕಾಡು ಹಿಮಸಾರಂಗದಲ್ಲೂ ಕಂಡಿತು. ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಹರಡುವ ಅದರ ಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಒಂದೇ ರಾಶಿಯ ಮೇಲೆ ಹತ್ತಾರು ಮೂತಿಗಳನ್ನು ಒಟ್ಟುಗೂಡಿಸುವುದು ಆ ರೋಗಕ್ಕೆ ದಾರಿ ಮಾಡಿಕೊಟ್ಟಂತೆ, ಅನೇಕ ಕಡೆ ಅದು ಕಾನೂನಿನಿಂದಲೂ ನಿಷಿದ್ಧ. ಹರಡಿಕೊಂಡು ಬೆಳೆದ ತಾಕಿನಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ಆ ರೋಗ ಪತ್ತೆಯಾದ ಪ್ರದೇಶದಲ್ಲಿ ನೀವಿದ್ದರೆ ತಾಕಿನ ಯೋಜನೆಯನ್ನು ಬದಿಗಿಟ್ಟು, ಮೇವು ಎಲ್ಲೆಡೆ ಹರಡಿ ಸಿಗುವಂತೆ ಕಾಡನ್ನು ಸುಧಾರಿಸುವ ಕೆಲಸವನ್ನಷ್ಟೇ ಕೈಗೆತ್ತಿಕೊಳ್ಳಿ.

ಪಕ್ಕದವರ ಸೋಯಾ ಬಗ್ಗೆ ಭರವಸೆ ಕೊಡಲಾರೆ. ಜಿಂಕೆಗಳನ್ನು ಅಲ್ಲಿಂದ ಇಲ್ಲಿಗೆ ಪೂರ್ತಿಯಾಗಿ ಸೆಳೆಯುವಷ್ಟು ದೊಡ್ಡ ತಾಕು ನಿಮ್ಮದಲ್ಲ, ಗಡಿಯ ಬಳಿ ಮಾಡಿದರಂತೂ ಅವರ ಹೊಲಕ್ಕೆ ಹಾದಿ ತೋರಿಸಿದಂತಾಗುತ್ತದೆ. ತಾಕುಗಳನ್ನು ಅವರ ಹೊಲದಿಂದ ಜಮೀನಿನ ಎದುರು ತುದಿಯಲ್ಲಿಡಿ, ಬಿತ್ತುವ ಮೊದಲೇ ಅವರಿಗೆ ತಿಳಿಸಿ. ಅವರ ಬೆಳೆಗೆ ಹೆಚ್ಚು ಹಾನಿಯಾಗುವುದು ಮೊಳಕೆಯೊಡೆದ ಮೊದಲ ಮೂರ್ನಾಲ್ಕು ವಾರ. ಅಷ್ಟು ಕಾಲ ಎರಡು ಸಾಲಿನ ವಿದ್ಯುತ್ ಬೇಲಿ ಹಾಕಿಕೊಂಡರೆ ಬೆಳೆ ಉಳಿಯುತ್ತದೆ. ಹೊರಸಾಲಿನಲ್ಲಿ 45 ಸೆಂಟಿಮೀಟರ್ ಎತ್ತರಕ್ಕೆ ಒಂದು ತಂತಿ, ಅದರಿಂದ 90 ಸೆಂಟಿಮೀಟರ್ ಒಳಗೆ 25 ಮತ್ತು 60 ಸೆಂಟಿಮೀಟರ್ ಎತ್ತರಕ್ಕೆ ಎರಡು ತಂತಿ ಎಳೆಯಬೇಕು. ಎತ್ತರದ ಒಂದೇ ಬೇಲಿಯನ್ನು ಹಾರುವ ಜಿಂಕೆ, ಅಗಲವನ್ನು ಅಂದಾಜು ಮಾಡಲಾಗದೆ, ಈ ಗಿಡ್ಡ ಜೋಡಿಬೇಲಿಯ ಮುಂದೆ ಹಿಂಜರಿಯುತ್ತದೆ. ಅದೇ ಬೇಲಿಯನ್ನು ಬೇಸಿಗೆಯ ಕೊನೆಯಲ್ಲಿ ಅವರಿಂದ ಎರವಲು ಪಡೆದು ನಿಮ್ಮ ಹೊಸ ಕ್ಲೋವರ್ ಸುತ್ತಲೂ ಹಾಕಿಕೊಂಡು, ಗಿಡ ಹತ್ತು ಸೆಂಟಿಮೀಟರ್ ಎತ್ತರಕ್ಕೆ ಬಂದ ಮೇಲೆ ತೆಗೆದುಬಿಡಬಹುದು.